ನಕ್ಷೆಯಿಂದ ಕಾಣೆಯಾದ ಹದಿನೇಳನೆಯ ಅಂಶ

ಮಾನ್ಯ ಕುಲಪತಿಗಳೇ,

ನಮ್ಮ ಭೂಗೋಳ ವಿಭಾಗದ ಅರಿವಿನ ನಕ್ಷೆಯಲ್ಲಿ ಹದಿನೇಳನೆಯ ಅಂಶವೊಂದಿತ್ತು. ತಮ್ಮ ಕಚೇರಿ ಅದನ್ನು ಅಳಿಸಿತು. ಅಳಿಸಿದ ಮೇಲೆ, ಅದು ನಕ್ಷೆಯಲ್ಲಿ ಇಲ್ಲವೆಂಬ ಕಾರಣ ಕೊಟ್ಟು ನಮ್ಮ ಸಂಜೆ ಡಿಪ್ಲೊಮಾ ತರಗತಿಯನ್ನು ಮುಚ್ಚಿತು. ಮೂವತ್ತೊಂದು ವರ್ಷಗಳಿಂದ ನಕ್ಷೆಯನ್ನೇ ಪಾಠ ಮಾಡಿಕೊಂಡು ಬಂದವಳು ನಾನು. ಇಷ್ಟು ಅಚ್ಚುಕಟ್ಟಾದ ಕ್ರಮವನ್ನು ಹಿಂದೆ ಕಂಡಿರಲಿಲ್ಲ. ಕೆರೆಯನ್ನು ನಕ್ಷೆಯಿಂದ ಅಳಿಸಿ, ನಕ್ಷೆಯಲ್ಲಿ ಕೆರೆಯೇ ಇಲ್ಲವೆಂದು ಅಲ್ಲಿ ನಿವೇಶನ ಹಂಚಿದವರ ಸುದ್ದಿಯನ್ನು ಈ ನಗರದಲ್ಲಿ ಎಲ್ಲರೂ ಕೇಳಿದ್ದಾರೆ. ಆದರೆ ಅವರು ಯಾರೂ ತಮ್ಮ ಕೆಲಸವನ್ನು ಶಿಕ್ಷಣವೆಂದು ಕರೆದುಕೊಂಡಿರಲಿಲ್ಲ.

ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಒಳಗಿನಿಂದ ಮೂರು ಸಲ ಬರೆದೆ. ಮೊದಲ ಎರಡಕ್ಕೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಮೂರನೆಯ ಪತ್ರ ಮುಖ್ಯ ಕಚೇರಿಯ ಮೇಜುಗಳನ್ನೆಲ್ಲ ಸುತ್ತಿ, ಹನ್ನೊಂದು ಸಹಿಗಳೊಂದಿಗೆ, 'ಸಂಬಂಧಪಟ್ಟ ವಿಭಾಗದ ಮುಖ್ಯಸ್ಥರಿಗೆ, ಅಗತ್ಯ ಕ್ರಮಕ್ಕಾಗಿ' ಎಂಬ ಷರಾದೊಂದಿಗೆ ನನ್ನ ಮೇಜಿಗೇ ಬಂದು ಬಿತ್ತು. ಸಂಬಂಧಪಟ್ಟ ವಿಭಾಗದ ಮುಖ್ಯಸ್ಥೆ ನಾನೇ. ಅಗತ್ಯ ಕ್ರಮ ಕೈಗೊಳ್ಳುತ್ತಿದ್ದೇನೆ. ಈ ಪತ್ರವೇ ಆ ಕ್ರಮ.

ಕಳೆದ ಜೂನ್‌ನಲ್ಲಿ ತಮ್ಮ ಸುತ್ತೋಲೆ ಬಂದದ್ದನ್ನು ನೆನಪಿಸುತ್ತೇನೆ. ಪ್ರತಿ ವಿಭಾಗವೂ ಮುಂದಿನ ಐದು ವರ್ಷಗಳ ಕಾರ್ಯತಂತ್ರ ಯೋಜನೆಯನ್ನು 'ಸಂಜ್ಞಾನಾತ್ಮಕ ನಕ್ಷಾಂಕನ' ವಿಧಾನದಿಂದ ತಯಾರಿಸಬೇಕೆಂದು ಅದರಲ್ಲಿತ್ತು. ಆ ಪದವನ್ನು ಒಂದೇ ಉಸಿರಿನಲ್ಲಿ ಓದಬಲ್ಲವರು ನಮ್ಮ ವಿಭಾಗದಲ್ಲಿ ಇರಲಿಲ್ಲ. ಕಾಗ್ನಿಟಿವ್ ಮ್ಯಾಪಿಂಗ್ ಎಂದು ಆಮೇಲೆ ತಿಳಿಯಿತು. ನಾವು ಅದನ್ನು ಅರಿವಿನ ನಕ್ಷೆ ಎಂದು ಕರೆದುಕೊಂಡೆವು. ನಮ್ಮ ಅಟೆಂಡರ್ ದುರ್ಗವ್ವ ಮಾತ್ರ ಕೊನೆಯವರೆಗೂ 'ಬಾಣದ ಚಾರ್ಟು' ಎಂದೇ ಕರೆದರು. ಎಲ್ಲಕ್ಕಿಂತ ಸರಿಯಾದ ಅನುವಾದ ಅವರದೇ ಇರಬೇಕು.

ಎರಡು ದಿನ ತರಬೇತಿ ನಡೆಯಿತು. ಹೊರಗಿನಿಂದ ಬಂದ ತರಬೇತುದಾರರು ಒಳ್ಳೆಯ ಶಿಕ್ಷಕರು. ಅವರ ಮೇಲೆ ನನ್ನ ದೂರಿಲ್ಲ. ಅವರು ಹೇಳಿಕೊಟ್ಟ ವಿಧಾನ ಇಷ್ಟು. ವಿಭಾಗಕ್ಕೆ ಸೇರಿದ ಎಲ್ಲ ಗುಂಪಿನವರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು, ಇಲ್ಲಿ ನಿಮಗೆ ಯಾವುದು ಮುಖ್ಯ, ಯಾವುದು ಚಿಂತೆ ಎಂದು ಕೇಳಬೇಕು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಒಂದು ಚೌಕದೊಳಗೆ ಬರೆಯಬೇಕು. ಆಮೇಲೆ ಎರಡೇ ಪ್ರಶ್ನೆ: ಅದು ಯಾಕೆ ಹಾಗೆ? ಅದರಿಂದ ಏನಾಗುತ್ತದೆ? ಪ್ರತಿ ಉತ್ತರಕ್ಕೂ ಒಂದು ಚೌಕ, ಕಾರಣದಿಂದ ಪರಿಣಾಮಕ್ಕೆ ಒಂದು ಬಾಣ. ಎಲ್ಲರ ನಕ್ಷೆಗಳೂ ಮುಗಿದ ಮೇಲೆ ಅವನ್ನು ಕೂಡಿಸಿ ಒಂದೇ ದೊಡ್ಡ ನಕ್ಷೆ ಮಾಡಬೇಕು. ಯಾವ ಚೌಕಕ್ಕೆ ಅತಿ ಹೆಚ್ಚು ಬಾಣಗಳು ಬಂದು ಹೋಗುತ್ತವೆಯೋ ಅದೇ ವಿಭಾಗದ ಜೀವಾಳ. ಯೋಜನೆ ಅಲ್ಲಿಂದ ಶುರುವಾಗಬೇಕು.

"ಒಂದೇ ನಿಯಮ" ಎಂದರು ಅವರು. "ಹೇಳಿದವರ ಮಾತನ್ನು ತಿದ್ದಬೇಡಿ. ತಿದ್ದಿದರೆ ಅದು ಅವರ ನಕ್ಷೆ ಅಲ್ಲ, ನಿಮ್ಮ ನಕ್ಷೆ."

ಪಕ್ಕದಲ್ಲಿ ಕೂತಿದ್ದ ಪ್ರೊಫೆಸರ್ ಮಡಿವಾಳಪ್ಪ ನನ್ನ ಕಿವಿಯಲ್ಲಿ ಹೇಳಿದರು: "ಮೇಡಂ, ನಮಗೆ ಅರಿವು ಇದೆಯೋ ಇಲ್ಲವೋ ಅಂತ ಮೊದಲು ನೋಡಬೇಕಿತ್ತು. ಇವರು ನೇರ ನಕ್ಷೆಗೇ ಬಂದುಬಿಟ್ರು." ನನಗೂ ನಗು ಬಂತು. ಆದರೆ ಮನೆಗೆ ಹೋಗುತ್ತಾ ಬಸವೇಶ್ವರನಗರದ ಸಿಗ್ನಲ್ಲಿನಲ್ಲಿ ನಿಂತಾಗ ಯೋಚನೆ ಬಂತು. ಇಷ್ಟು ವರ್ಷಗಳಲ್ಲಿ ವಿಶ್ವವಿದ್ಯಾಲಯ ನಮ್ಮನ್ನು ಅಂಕಿಅಂಶ ಕೇಳಿದೆ, ಫೋಟೊ ಕೇಳಿದೆ, ಬಳಕೆ ಪ್ರಮಾಣಪತ್ರ ಕೇಳಿದೆ. ಇಲ್ಲಿ ಏನು ನಡೆಯುತ್ತಿದೆ, ಯಾಕೆ ನಡೆಯುತ್ತಿದೆ ಎಂದು ಕೇಳಿದ್ದು ಇದೇ ಮೊದಲು. ನಾನು ಅದನ್ನು ನಂಬಿದೆ. ಈ ಪತ್ರದಲ್ಲಿ ನನ್ನ ತಪ್ಪೊಪ್ಪಿಗೆ ಇರುವುದು ಈ ಒಂದು ವಾಕ್ಯದಲ್ಲಿ ಮತ್ತು ಮುಂದೆ ಬರುವ ಇನ್ನೊಂದರಲ್ಲಿ.

ಮುಂದುವರಿಯುವ ಮೊದಲು ಇನ್ನೊಂದು ಮಾತು. ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಭೂಮಾಪನ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದೆ. ಬೇರೆಯವರು ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಅದೇ ಗೆರೆಗಳನ್ನು ಇಂಕಿನಲ್ಲಿ ಎಳೆಯುವುದು ಕೆಲಸ. ಐದೂವರೆಗೆ ಬಿಟ್ಟರೆ ರಾಜಾಜಿನಗರಕ್ಕೆ ಬಸ್ಸು, ಅಲ್ಲಿ ಸಂಜೆ ಕಾಲೇಜು. ನಾನು ಎಳೆಯುತ್ತಿದ್ದ ಗೆರೆಗಳ ಅರ್ಥ ಏನೆಂದು ನನಗೆ ಗೊತ್ತಾದದ್ದು ಆ ತರಗತಿಯಲ್ಲಿ. ಸಂಜೆ ತರಗತಿ ಇಲ್ಲದಿದ್ದರೆ ಇವತ್ತು ತಮಗೆ ಈ ಪತ್ರ ಬರುತ್ತಿರಲಿಲ್ಲ. ಇದನ್ನು ಸಂಜೆ ತರಗತಿಗಳ ವಿರುದ್ಧದ ವಾದವಾಗಿಯೂ ತಾವು ಬಳಸಿಕೊಳ್ಳಬಹುದು.

ಸುತ್ತೋಲೆಯ ನಾಲ್ಕನೆಯ ಕಂಡಿಕೆಯಲ್ಲಿ 'ವಿಭಾಗದ ಎಲ್ಲ ಪಾಲುದಾರರೂ' ಎಂದಿತ್ತು. ಎಲ್ಲರೂ ಎಂದರೆ ಎಲ್ಲರೂ ಎಂದು ತಿಳಿದುಕೊಂಡೆ. ಬೋಧಕರು, ಹಗಲಿನ ವಿದ್ಯಾರ್ಥಿಗಳು, ಸಂಜೆಯ ವಿದ್ಯಾರ್ಥಿಗಳು, ದುರ್ಗವ್ವ, ಹೀಗೆ ಪ್ರತಿ ಗುಂಪಿನಿಂದಲೂ ಆರಿಸಿ ಒಟ್ಟು ಹದಿನಾಲ್ಕು ಜನರನ್ನು ಒಬ್ಬೊಬ್ಬರಾಗಿ ನನ್ನ ಕೋಣೆಯಲ್ಲಿ ಕೂರಿಸಿಕೊಂಡು ಕೇಳಿದೆ. ಆಗಸ್ಟ್ ಪೂರ್ತಿ ಹಿಡಿಯಿತು.

ಮಡಿವಾಳಪ್ಪನವರಿಂದಲೇ ಶುರುಮಾಡಿದೆ. ಅವರಿಗೆ ಸಂಜೆ ತರಗತಿಯೆಂದರೆ ಆಗುತ್ತಿರಲಿಲ್ಲ. ಮಾಗಡಿ ರಸ್ತೆಯ ಪಕ್ಕದ ನಮ್ಮ ವಿಭಾಗದ ಹಳೆಯ ಕಟ್ಟಡದಲ್ಲಿ ಭೂಮಾಪನ ಮತ್ತು ನಕ್ಷೆ ತಯಾರಿಕೆಯ ಡಿಪ್ಲೊಮಾ ಆರು ವರ್ಷಗಳ ಹಿಂದೆ ಶುರುವಾದ ದಿನದಿಂದ, "ಇದು ವಿಶ್ವವಿದ್ಯಾಲಯಾನೋ ಟ್ಯುಟೋರಿಯಲ್ಲೋ?" ಎಂದು ಪ್ರತಿ ಸಭೆಯಲ್ಲೂ ಕೇಳುತ್ತಿದ್ದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಅವರು ಕೈಕಟ್ಟಿಕೊಂಡು ಕೂತರು.

"ಬರ್ಕೊಳ್ಳಿ. ಸಂಶೋಧನಾ ಪ್ರಕಟಣೆ ಹೆಚ್ಚಬೇಕು."

"ಅದು ಯಾವುದರಿಂದ ಆಗುತ್ತೆ ಸರ್?"

"ಸ್ವಂತ ದತ್ತಾಂಶದಿಂದ. ನನ್ನ ಕೊನೇ ಎರಡು ಲೇಖನ ಯಾಕೆ ತಗೊಂಡ್ರು? ಈ ಭಾಗದ ರಾಜಕಾಲುವೆ ಎಲ್ಲೆಲ್ಲಿ ಎಷ್ಟೆಷ್ಟು ಅಗಲ ಅಂತ ಅಳತೆ ಇತ್ತು. ಬೇರೆ ಯಾರ ಹತ್ರಾನೂ ಇರಲಿಲ್ಲ."

"ಆ ಅಳತೆ ಎಲ್ಲಿಂದ ಬಂತು?"

ಮಡಿವಾಳಪ್ಪನವರು ಫ್ಯಾನ್ ನೋಡಿದರು. ಆಮೇಲೆ ಕಿಟಕಿ ನೋಡಿದರು. ನಾನು ಪೆನ್ನು ಹಿಡಿದು ಕಾದೆ.

"ಸಂಜೆ ಹುಡುಗ್ರು ತಂದಿದ್ದು" ಎಂದರು. "ಬರ್ಕೊಳ್ಳಿ, ಬರ್ಕೊಳ್ಳಿ. ಇದ್ದದ್ದನ್ನ ಇದ್ದಹಾಗೆ ಬರೀಬೇಕು ಅಂದ್ರಲ್ಲ ಆ ಮನುಷ್ಯ."

ಅವರು ಹುಡುಗರು ಎಂದದ್ದು ಹನುಮೇಶನಂಥವರನ್ನು. ರಾಯಚೂರು ಕಡೆಯ ಹನುಮೇಶ ಹಗಲೆಲ್ಲ ಬೈಕಿನಲ್ಲಿ ಊಟದ ಪಾರ್ಸೆಲ್ ತಲುಪಿಸುತ್ತಾನೆ. ಮಹಾಲಕ್ಷ್ಮಿ ಲೇಔಟಿನಿಂದ ಕೆಂಗೇರಿಯವರೆಗೆ ಯಾವ ಅಡ್ಡರಸ್ತೆ ಎಲ್ಲಿ ಮುಗಿಯುತ್ತದೆಂದು ಬಾಯಲ್ಲೇ ಹೇಳುತ್ತಾನೆ. ಈ ಕೋರ್ಸಿಗೆ ಯಾಕೆ ಸೇರಿದೆ ಎಂದು ಕೇಳಿದೆ.

"ಮೇಡಂ, ಫೋನಿನ ಮ್ಯಾಪ್‌ನ್ಯಾಗ ರಸ್ತೆ ಐತಿ, ಅಲ್ಲಿ ಹೋದ್ರ ಗ್ವಾಡಿ ಐತಿ. ಕಸ್ಟಮರ್ ನನಗ ಬೈತಾರ. ಮ್ಯಾಪಿಗೆ ಯಾರೂ ಬೈಯಂಗಿಲ್ಲ. ಈ ಮ್ಯಾಪ್ ಮಾಡಾವ್ರು ಯಾರು, ಹೆಂಗ ಮಾಡ್ತಾರ ನೋಡೂಣು ಅಂತ ಬಂದೀನಿ."

ಇಷ್ಟು ಸ್ಪಷ್ಟವಾದ ಸಂಶೋಧನಾ ಪ್ರಶ್ನೆಯನ್ನು ಪಿಎಚ್.ಡಿ. ಸಂದರ್ಶನಗಳಲ್ಲಿಯೂ ನಾನು ಕೇಳಿದ್ದು ಕಡಿಮೆ.

ಸುವರ್ಣಾ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಚೆಕ್ಕರ್. ಹೊಲಿಗೆ ಮುಗಿದ ಶರಟುಗಳಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ವಯಸ್ಸು ಇಪ್ಪತ್ತೇಳು. ನೆಲದ ಏರಿಳಿತ ತೋರಿಸುವ ಸಮೋನ್ನತಿ ರೇಖೆಗಳ ಪಾಠ ಮಾಡಿದ ದಿನ, ಗೆರೆಗಳು ಹತ್ತಿರ ಬಂದರೆ ಇಳಿಜಾರು ಕಡಿದು ಎನ್ನುವುದನ್ನು ಹಗಲಿನ ತರಗತಿಗೆ ಮೂರು ಸಲ ಹೇಳಬೇಕಾಗುತ್ತದೆ. ಸುವರ್ಣಾ ಹಾಳೆಯನ್ನು ಒಮ್ಮೆ ನೋಡಿ, "ನೆರಿಗೆ ಥರ ಮೇಡಂ, ಒತ್ತಾಗಿ ಹಿಡಿದ ಕಡೆ ಬಟ್ಟೆ ನೆಟ್ಟಗೆ ನಿಲ್ಲುತ್ತೆ" ಎಂದಳು. ಈಗ ಹಗಲಿನ ತರಗತಿಗೂ ನಾನು ನೆರಿಗೆಯನ್ನೇ ಹೇಳುತ್ತೇನೆ.

ಇಲ್ಲಿ ನಿನಗೆ ಯಾವುದು ಮುಖ್ಯ ಎಂದು ಕೇಳಿದಾಗ ಅವಳು ಹೇಳಿದಳು: "ಫ್ಯಾಕ್ಟ್ರಿಗೆ ಎಂಟೂವರೆ ಮೇಲೆ ಐದು ನಿಮಿಷ ಆದ್ರೆ ಲೇಟು. ಮನೆಗೆ ಒಂಬತ್ತಾದ್ರೆ ಲೇಟು. ಇಲ್ಲಿ ಆರೂಮುಕ್ಕಾಲಿಗೆ ಬಂದ್ರೂ ಬಾ ಕೂತ್ಕೋ ಅಂತೀರ. ಇಡೀ ದಿನದಲ್ಲಿ ಇದೊಂದು ಕಡೆ ನಾನು ಲೇಟ್ ಆಗಿರಲ್ಲ ಮೇಡಂ."

ಇದನ್ನು ಹಾಗೆಯೇ ಚೌಕದೊಳಗೆ ಬರೆದೆ. ಚೌಕ ಸಾಲದೆ ಗೆರೆ ಸ್ವಲ್ಪ ಹೊರಗೆ ಹೋಯಿತು.

ಕೊನೆಗೆ ಬಂದವರು ದುರ್ಗವ್ವ. ಕುರ್ಚಿಯಲ್ಲಿ ಕೂರಲು ಒಪ್ಪಿಸುವುದಕ್ಕೇ ಹತ್ತು ನಿಮಿಷ ಬೇಕಾಯಿತು. ಇಪ್ಪತ್ತಾರು ವರ್ಷಗಳಿಂದ ವಿಭಾಗದ ಬಾಗಿಲು ತೆಗೆದು ಹಾಕುವವರು ಅವರು, ಇರುವುದು ಕಾಮಾಕ್ಷಿಪಾಳ್ಯದಲ್ಲಿ. ನಿಮಗೆ ಇಲ್ಲಿ ಯಾವುದು ಮುಖ್ಯ ಎಂದು ಕೇಳಿದೆ.

"ನನಗೇನ್ರಿ ಮೇಡಂ, ಕೀಲಿ ನನ್ನ ಹಂತ್ಯಾಕ ಇರ್ತೈತಿ. ಸಂಜಿಕ ಬಾಗ್ಲಾ ತೆರ್ದಿರ್ತೈತಿ. ಅಷ್ಟರಿ."

"ಅದರಿಂದ ಏನಾಗುತ್ತೆ ದುರ್ಗವ್ವ?"

"ಮಂದಿ ಬರ್ತಾರ್ರಿ. ಲ್ಯಾಬ್ ತೆರ್ದೈತಂತ ಹಗಲಿನ ಹುಡುಗ್ರೂ ಬಂದು ಉಳಿದ ಪ್ರಾಕ್ಟಿಕಲ್ ಮುಗಿಸ್ತಾರ. ನಮ್ಮ ಓಣಿ ಹೆಣ್ಮಕ್ಳು ಖಾತಾದ ಕಾಗದ ತಗೊಂಡು ಬರ್ತಾರ, ಇದರಾಗ ನಮ್ಮ ಮನಿ ಯಾವ ದಿಕ್ಕಿಗೈತಿ ಹೇಳ್ರಿ ಅಂತ. ನಮ್ಮ ಸುವರ್ಣಾ ಓದಿ ಹೇಳ್ತಾಳ. ಮಡಿವಾಳಪ್ಪ ಸರೂ ಬರ್ತಾರ, ಹುಡುಗ್ರು ಅಳತಿ ತಂದಾರೇನು ಅಂತ ಕೇಳಾಕ."

"ಬಾಗಿಲು ಮುಚ್ಚಿದರೆ?"

"ಮುಚ್ಚಿದ್ರ ನಾನು ಐದೂವರಿಗೆ ಮನಿಗೆ ಹೋಗ್ತೀನ್ರಿ. ನನಗ ಆರಾಮ. ನಿಮಗ ಏನ್ ಉಳಿತೈತಿ, ನೀವ ನೋಡ್ಕೋರಿ."

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಹದಿನಾಲ್ಕು ನಕ್ಷೆಗಳನ್ನು ಕೂಡಿಸಲು ಕೂತೆವು. ತಮ್ಮ ಸುತ್ತೋಲೆ ಹೇಳಿದ ಸಾಫ್ಟ್‌ವೇರ್ ಇನ್ನೂ ಬಂದಿರಲಿಲ್ಲ, ಇವತ್ತಿಗೂ ಬಂದಿಲ್ಲ. ಪ್ರಾಕ್ಟಿಕಲ್ ಹಾಲಿನ ನೆಲದ ಮೇಲೆ ಚಾರ್ಟ್ ಹಾಳೆಗಳನ್ನು ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಬಾಣ ಎಳೆದೆವು. ಒಟ್ಟು ಅರವತ್ತಮೂರು ಅಂಶ. ಮಡಿವಾಳಪ್ಪನವರು ಮಂಡಿಯೂರಿ ಎಣಿಸುತ್ತಾ ಹೋದರು. ಪ್ರಕಟಣೆ, ದತ್ತಾಂಶ, ಹಗಲಿನವರ ಪ್ರಾಕ್ಟಿಕಲ್, ಸಾರ್ವಜನಿಕ ಸಂಪರ್ಕ, ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇದ್ದು ಈಗ ಭಾನುವಾರಗಳಂದು ಸಂಜೆ ವಿದ್ಯಾರ್ಥಿಗಳಿಂದ ಹೊರಗೆ ಬರುವ ಸರ್ವೆ ಯಂತ್ರ, ಎಲ್ಲದರ ಹಿಂದಿನ ಬಾಣವನ್ನು ಹಿಡಿದು ಹೋದರೆ ಒಂದೇ ಚೌಕಕ್ಕೆ ಬಂದು ನಿಲ್ಲುತ್ತಿತ್ತು. ಅದಕ್ಕೆ ಕೊಟ್ಟಿದ್ದ ಸಂಖ್ಯೆ ಹದಿನೇಳು. ಬಾಣಗಳು ಹತ್ತೊಂಬತ್ತು. ಅದರೊಳಗೆ ಬರೆದಿದ್ದದ್ದು ದುರ್ಗವ್ವನ ಮಾತು: 'ಸಂಜಿಕ ಬಾಗ್ಲಾ ತೆರ್ದಿರ್ತೈತಿ.'

ಮಡಿವಾಳಪ್ಪನವರು ಎರಡನೆಯ ಸಲ ಎಣಿಸಿದರು. ಹತ್ತೊಂಬತ್ತೇ. ಎದ್ದು ಮಂಡಿಯ ಧೂಳು ಕೊಡವಿಕೊಂಡು, "ಆರು ವರ್ಷ ನಾನು ಸಭೆಗಳಲ್ಲಿ ಏನು ಮಾತಾಡ್ತಾ ಇದ್ದೆ ಮೇಡಂ?" ಎಂದು ಕೇಳಿದರು.

ಇಲ್ಲಿ ತಮ್ಮನ್ನು ಅಭಿನಂದಿಸಬೇಕು. ತಮ್ಮ ವಿಧಾನ ಕೆಲಸ ಮಾಡಿತು. ಒಬ್ಬ ಹಿರಿಯ ಪ್ರಾಧ್ಯಾಪಕರು ತಮ್ಮ ಬಾಯಿಂದಲೇ ಬಂದ ಮಾತುಗಳನ್ನು ಹಾಳೆಯ ಮೇಲೆ ಸಾಲಾಗಿ ನೋಡಿ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ವಿಶ್ವವಿದ್ಯಾಲಯಗಳಲ್ಲಿ ಇದು ಪದೇಪದೇ ನಡೆಯುವ ಘಟನೆಯಲ್ಲ. ಆ ನಕ್ಷೆಯ ಆಧಾರದ ಮೇಲೆ ಯೋಜನೆ ಬರೆದೆವು. ಸಂಜೆ ತರಗತಿಯನ್ನು ಉಳಿಸಿಕೊಳ್ಳುವುದು, ಅದರ ಅಳತೆಗಳನ್ನು ಸಂಶೋಧನೆಗೆ ಕ್ರಮವಾಗಿ ಜೋಡಿಸುವುದು, ವಾರಕ್ಕೊಂದು ಸಂಜೆ ಸುತ್ತಲಿನವರ ನಕ್ಷೆ-ಕಾಗದಗಳನ್ನು ಓದಿ ಹೇಳುವುದು. ಹೊಸ ಕಟ್ಟಡ ಕೇಳಲಿಲ್ಲ, ಹೊಸ ಹುದ್ದೆ ಕೇಳಲಿಲ್ಲ. ಬಹುಶಃ ಅಲ್ಲೇ ನಾವು ಅನುಮಾನಕ್ಕೆ ಎಡೆಮಾಡಿಕೊಟ್ಟೆವು.

ನವೆಂಬರಿನಲ್ಲಿ ತಮ್ಮ ಯೋಜನಾ ಘಟಕದ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಬಹಳ ಸೌಜನ್ಯದ ವ್ಯಕ್ತಿ.

"ಮೇಡಂ, ಮ್ಯಾಪ್ ಸೂಪರಾಗಿದೆ. ಎಲ್ಲಾ ಡಿಪಾರ್ಟ್‌ಮೆಂಟಿಗಿಂತ ನಿಮ್ದೇ ಬೆಸ್ಟು. ಹದಿನೇಳು ಒಂದು ತೆಗೆದುಬಿಡಿ, ಸಾಕು."

"ಯಾಕೆ ಸಾರ್?"

"ಅದು ಸ್ಟ್ರಾಟೆಜಿಕ್ ಆಗಿಲ್ಲ ಮೇಡಂ. ಬಾಗ್ಲು ಗೀಗ್ಲು ಅಂತ ಇದೆ. ಭಾಷೇನೂ ಒಂಥರಾ ಇದೆ. ಆಮೇಲೆ ಸಂಜೆ ಕೋರ್ಸ್‌ಗಳ ವಿಷಯ ಮೇಲುಗಡೆ ಆಗಲೇ ತೀರ್ಮಾನ ಆಗಿದೆ."

"ಅದಕ್ಕೆ ಹತ್ತೊಂಬತ್ತು ಬಾಣ ಇವೆಯಲ್ಲ, ಅವನ್ನೇನು ಮಾಡಲಿ?"

"ಉತ್ಕೃಷ್ಟತೆ ಅಂತ ಒಂದು ಬಾಕ್ಸ್ ಹಾಕಿ ಮೇಡಂ, ಎಲ್ಲಾ ಅದಕ್ಕೆ ಜೋಡಿಸಿಬಿಡಿ."

"ಆ ಮಾತು ಹದಿನಾಲ್ಕು ಜನರಲ್ಲಿ ಯಾರೂ ಹೇಳಿಲ್ಲ."

"ಅದಕ್ಕೇ ಮೇಡಂ. ಯಾರ ಆಕ್ಷೇಪಣೆನೂ ಇರಲ್ಲ."

ನಾನು ಆಗುವುದಿಲ್ಲವೆಂದೆ, ಅದನ್ನೇ ಲಿಖಿತವಾಗಿಯೂ ಕಳಿಸಿದೆ. ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ಒಪ್ಪಿದ್ದಾರೆಂದು ತಿಳಿಯಬಾರದೆಂಬ ಬುದ್ಧಿ, ಇಷ್ಟು ವರ್ಷ ಸೇವೆ ಮಾಡಿದ್ದರೂ ನನಗೆ ಬಂದಿರಲಿಲ್ಲ.

ಜನವರಿಯಲ್ಲಿ ಯೋಜನಾ ಗ್ರಂಥದ ಬಿಡುಗಡೆ ಸಮಾರಂಭ. ಮಾದರಿ ನಕ್ಷೆ ತಯಾರಿಸಿದ ವಿಭಾಗವೆಂದು ನಮ್ಮನ್ನು ಕರೆದಿರಿ. ಇಡೀ ವಿಭಾಗ ಬಂದಿತ್ತು. ದುರ್ಗವ್ವ ಇಳಕಲ್ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದರು. ತಾವು ನನಗೆ ಶಾಲು ಹೊದಿಸಿ ಗ್ರಂಥದ ಪ್ರತಿ ಕೊಟ್ಟಿರಿ. ವೇದಿಕೆಯ ಮೇಲೆ ಕೂತು ಪುಟ ತಿರುಗಿಸಿದೆ. ಬಣ್ಣದ ಮುದ್ರಣ, ದಪ್ಪ ಹಾಳೆ. ನಲವತ್ತೆರಡನೆಯ ಪುಟದಲ್ಲಿ ನಮ್ಮ ನಕ್ಷೆ. ಹದಿನಾರರ ಪಕ್ಕ ಹದಿನೆಂಟು. ನಡುವೆ ಚಿನ್ನದ ಬಣ್ಣದ ದೊಡ್ಡ ಚೌಕದಲ್ಲಿ 'ಉತ್ಕೃಷ್ಟತೆ', ಅದರಿಂದ ಹೊರಡುವ ಹತ್ತೊಂಬತ್ತು ಬಾಣ.

ಸಾರ್, ಬಾಣ ಎಂದರೆ ಕಾರಣ. ಆ ಪುಟದ ಪ್ರಕಾರ ಹಗಲಿನ ವಿದ್ಯಾರ್ಥಿಗಳು ಸಂಜೆ ಬಂದು ಪ್ರಾಕ್ಟಿಕಲ್ ಮುಗಿಸುವುದಕ್ಕೆ ಕಾರಣ ಉತ್ಕೃಷ್ಟತೆ. ಹಾಗಾದರೆ ಲ್ಯಾಬಿನ ಕೀಲಿಯೂ ಅದರ ಬಳಿಯೇ ಇದೆಯೇ? ಓಣಿಯ ಹೆಂಗಸರು ಖಾತಾದ ಕಾಗದ ಹಿಡಿದು ಬಂದಾಗ ಉತ್ಕೃಷ್ಟತೆ ಅವರಿಗೆ ಉತ್ತರ ದಿಕ್ಕು ತೋರಿಸುತ್ತದೆಯೇ? ಭಾನುವಾರ ಬೆಳಿಗ್ಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ರಾಜಕಾಲುವೆಗೆ ಟೇಪು ಹಿಡಿಯುವುದು ಅದೇ ಏನು? ಅದಕ್ಕೆ ಹಾಜರಾತಿ ಕೊಡಬೇಕೇ?

ನಾನು ಆಗಲೇ ಎದ್ದು ಹೇಳಬೇಕಿತ್ತು. ಮೈಕು ಎರಡು ಅಡಿ ದೂರದಲ್ಲಿತ್ತು. ಹೇಳಲಿಲ್ಲ. ಇದು ನಾನು ಹೇಳಿದ ಎರಡನೆಯ ತಪ್ಪೊಪ್ಪಿಗೆ. ಯಾಕೆ ಹೇಳಲಿಲ್ಲವೆಂದರೆ, ತಲೆಯೆತ್ತಿದಾಗ ಹಿಂದಿನ ಸಾಲಿನಲ್ಲಿ ದುರ್ಗವ್ವ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿರುವುದು ಕಾಣಿಸಿತು. ತಮ್ಮ ಮಾತು ಪುಸ್ತಕದಲ್ಲಿ ಅಚ್ಚಾಗಿದೆಯೆಂದು ಅವರು ನಂಬಿದ್ದರು. ವಾರವಿಡೀ ಓಣಿಯಲ್ಲಿ ಹೇಳಿಕೊಂಡು ಬಂದಿದ್ದರಂತೆ.

ಫೆಬ್ರವರಿ ಎರಡನೇ ವಾರ ಆದೇಶ ಬಂತು. ಅದರ ಒಂದು ವಾಕ್ಯವನ್ನು ಇದ್ದಂತೆಯೇ ಕೊಡುತ್ತೇನೆ: 'ವಿಭಾಗವು ತಾನೇ ತಯಾರಿಸಿದ ಸಂಜ್ಞಾನಾತ್ಮಕ ನಕ್ಷೆಯಲ್ಲಿ ಸಂಜೆ ಡಿಪ್ಲೊಮಾದ ಉಲ್ಲೇಖವೇ ಇಲ್ಲದಿರುವುದನ್ನು ಗಮನಿಸಿ, ಸದರಿ ಕೋರ್ಸನ್ನು ತಕ್ಷಣದಿಂದ ಸ್ಥಗಿತಗೊಳಿಸಲಾಗಿದೆ, ವಿದ್ಯಾರ್ಥಿಗಳು ಹಗಲಿನ ತರಗತಿಗೆ ಸೇರಿಕೊಳ್ಳಬಹುದು.' ಜೊತೆಗೆ ಇನ್ನೊಂದು ಹಾಳೆ: ದುರ್ಗವ್ವನಿಗೆ ಪರೀಕ್ಷಾ ವಿಭಾಗಕ್ಕೆ ವರ್ಗ.

ಅವತ್ತು ಸಂಜೆ ಆರಕ್ಕೆ ಇಪ್ಪತ್ತಮೂರು ವಿದ್ಯಾರ್ಥಿಗಳೂ ಬಂದರು. ಎಲ್ಲರೂ ಕೊನೆಯ ಸೆಮಿಸ್ಟರಿನವರು. ಬಾಗಿಲಿಗೆ ಹೊಸ ಬೀಗ, ಬೀಗದ ಮೇಲೆ ನೋಟಿಸು. ಸುವರ್ಣಾ ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದಳು. ಕಾಗದ ಓದಿ ಹೇಳುವುದು ಅವಳಿಗೆ ರೂಢಿಯಾಗಿತ್ತಲ್ಲ. ಹನುಮೇಶ ಫೋನಿನಲ್ಲಿ ಅದರ ಫೋಟೊ ತೆಗೆದ. ಯಾರೂ ಕೂಗಾಡಲಿಲ್ಲ. "ಹಗಲಿನ ಕ್ಲಾಸಿಗೆ ಹೋದ್ರ ಕೆಲಸ ಯಾರ್ ಮಾಡ್ತಾರ ಮೇಡಂ?" ಎಂದು ಹನುಮೇಶ ಕೇಳಿದ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವುದಕ್ಕೆ. ಹಗಲು ಹೊತ್ತು ಖಾಲಿ ಇರುವವರು ಸಂಜೆ ತರಗತಿಗೆ ಯಾಕೆ ಸೇರುತ್ತಿದ್ದರು ಎಂಬ ಯೋಚನೆ ಆದೇಶ ಬರೆದವರಿಗೆ ಬರಲಿಲ್ಲವೇ ಎಂದು ನಾನು ತಮ್ಮನ್ನು ಕೇಳುತ್ತೇನೆ. ನನ್ನದೂ ಸಿಟ್ಟಿನ ಪ್ರಶ್ನೆಯಲ್ಲ.

ಎಲ್ಲರೂ ನಿಂತಿದ್ದಾಗ ಮಡಿವಾಳಪ್ಪನವರು ಕೆಮ್ಮಿದರು. "ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮನೆ ಕಾರ್ ಶೆಡ್ ಇದೆ. ಕಾರು ಬೀದಿಲಿ ನಿಲ್ಲಿಸ್ತೀನಿ. ನಾಳೆಯಿಂದ ಅಲ್ಲಿಗೆ ಬನ್ನಿ" ಎಂದರು. ಮರುದಿನ ಶೆಡ್ಡಿನ ಗೋಡೆಗೆ ಕಪ್ಪು ಬಣ್ಣ ಹೊಡೆಸಿದ್ದರು. ಎರಡು ತಿಂಗಳಿಂದ ತರಗತಿ ಅಲ್ಲೇ ನಡೆಯುತ್ತಿದೆ. ವಾರಕ್ಕೆ ಮೂರು ದಿನ ಅವರು, ಎರಡು ದಿನ ನಾನು.

ಆದರೆ ಇಪ್ಪತ್ತಮೂರು ಜನರಲ್ಲಿ ಅಲ್ಲಿಗೆ ಬರುವವರು ಹದಿನಾಲ್ಕು. ಬೈಕು ಇರುವ ಹನುಮೇಶನಂಥವರು ಬರುತ್ತಾರೆ. ಬಸ್ಸು ಹಿಡಿಯುವವರಿಗೆ ದೂರ. ಸುವರ್ಣಾ ಎರಡು ವಾರ ಬಂದಳು. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ತಲುಪುವಾಗ ಏಳೂಕಾಲು, ಮನೆಗೆ ಹೋಗುವಾಗ ಒಂಬತ್ತೂವರೆ. ಮೂರನೇ ವಾರ ಅವಳು ಕಾಣಲಿಲ್ಲ.

ಕಳೆದ ಭಾನುವಾರ ಅವಳ ಮನೆಗೆ ಹೋಗಿದ್ದೆ. ಎರಡನೇ ಮಹಡಿಯ ಒಂದೇ ಕೋಣೆಯ ಮನೆ. ಅವಳ ತಾಯಿ ಟೀ ಕೊಟ್ಟು, ಮಾತಾಡಿಕೊಳ್ಳಿ ಎಂದು ಪಕ್ಕದ ಮನೆಗೆ ಹೋದರು. ಪರೀಕ್ಷೆಗಾದರೂ ಕೂತುಕೋ, ಹೇಗಾದರೂ ಮಾಡೋಣ ಎಂದೆ. ಅವಳು ತಲೆಯಾಡಿಸಿದಳು, ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ. ಆಮೇಲೆ ಕೇಳಿದಳು:

"ಮೇಡಂ, ಅವತ್ತು ನಾನು ಹೇಳಿದ್ದು ಬರ್ಕೊಂಡ್ರಲ್ಲ. ಅದು ಅವರಿಗೆ ಕಳಿಸಿದ್ರಾ?"

"ಕಳಿಸಿದೆ."

"ಅವರು ಓದಿದ್ರಾ?"

"ಓದಿದ್ರು ಕಣಮ್ಮ. ಓದಿ ಫೋನೂ ಮಾಡಿದ್ರು."

"ಓದಿದ್ಮೇಲೂ ಮುಚ್ಚಿದ್ರಾ?"

ನಾನು ಹೂಂ ಎಂದೆ. ಅವಳು ಟೀ ಲೋಟ ಎತ್ತಿಕೊಂಡು ಹೋಗಿ ತೊಳೆದು ಬಂದು ಕೂತಳು.

"ಹಂಗಾದ್ರೆ ಕೇಳಿದ್ದು ಯಾಕೆ ಮೇಡಂ? ಕೇಳ್ದೇ ಮುಚ್ಚಿದ್ರೆ, ಪಾಪ ಅವರಿಗೆ ಗೊತ್ತಿಲ್ಲ ಅನ್ಕೋತಿದ್ವಿ."

ಕುಲಪತಿಗಳೇ, ಕಾರ್ಯತಂತ್ರ ಯೋಜನೆಯ ಬಗ್ಗೆ ಇಷ್ಟು ನಿಖರವಾದ ವಿಮರ್ಶೆಯನ್ನು ನಾನು ಓದಿಲ್ಲ. ಹೊರಡುವಾಗ, ಇದನ್ನೆಲ್ಲ ಪತ್ರಿಕೆಗೆ ಬರೆದರೆ ನಿನ್ನ ಹೆಸರು ಹಾಕಬಹುದೇ ಎಂದು ಕೇಳಿದೆ. "ಹಾಕಿ ಮೇಡಂ, ಈ ಸಲವಾದ್ರೂ ಅಚ್ಚಾಗ್ಲಿ" ಎಂದಳು. ಉಳಿದವರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಮಡಿವಾಳಪ್ಪನವರು ತಮ್ಮ ಹೆಸರಿನ ಹಿಂದೆ ಪ್ರೊಫೆಸರ್ ಎಂದು ತಪ್ಪದೆ ಹಾಕಬೇಕೆಂದರು, ಇನ್ನು ಮೂರು ತಿಂಗಳಷ್ಟೇ ಅದಕ್ಕೆ ಅವಕಾಶವಿರುವುದರಿಂದ.

ಈಗ ನನ್ನ ಬೇಡಿಕೆ. ಫೆಬ್ರವರಿಯ ಆದೇಶವನ್ನು ಹಿಂತೆಗೆದುಕೊಂಡು ಸಂಜೆ ತರಗತಿಯನ್ನು ಅದರ ಕಟ್ಟಡಕ್ಕೆ ವಾಪಸ್ ಕಳಿಸಿ. ಜೂನ್ ಪರೀಕ್ಷೆಗೆ ಇಪ್ಪತ್ತಮೂರು ಜನರನ್ನೂ ಕೂರಿಸಿ. ಬೀಗ ಹಾಕಿದ್ದು ತಾವಾದ್ದರಿಂದ, ಬೀಗ ಬಿದ್ದ ದಿನಗಳ ಗೈರುಹಾಜರಿಯನ್ನು ಅವರ ಲೆಕ್ಕಕ್ಕೆ ಹಾಕಬೇಡಿ. ಯೋಜನಾ ಗ್ರಂಥದ ನಲವತ್ತೆರಡನೆಯ ಪುಟಕ್ಕೆ ತಿದ್ದುಪಡಿಯ ಚೀಟಿ ಅಂಟಿಸಿ, ಅದರಲ್ಲಿ ಹದಿನೇಳನೆಯ ಅಂಶವನ್ನು ದುರ್ಗವ್ವ ಹೇಳಿದ ಮಾತಿನಲ್ಲೇ ಅಚ್ಚು ಹಾಕಿಸಿ. ಭಾಷೆಯನ್ನು ಸರಿಪಡಿಸುವ ಕೆಲಸಕ್ಕೆ ದಯವಿಟ್ಟು ಯಾವ ಸಮಿತಿಯನ್ನೂ ನೇಮಿಸಬೇಡಿ.

ಇದ್ಯಾವುದೂ ಸಾಧ್ಯವಿಲ್ಲವೆಂದಾದರೆ, ಒಂದು ಚಿಕ್ಕ ಕೆಲಸವನ್ನಾದರೂ ಮಾಡಿ. ಸುವರ್ಣಾಳ ವಿಳಾಸ ತಮ್ಮ ಪ್ರವೇಶಾತಿ ಕಡತದಲ್ಲಿದೆ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಅವಳು ಮನೆಯಲ್ಲಿರುತ್ತಾಳೆ. ಎರಡನೇ ಮಹಡಿ, ಮೆಟ್ಟಿಲು ಕಡಿದಾಗಿದೆ, ನೋಡಿಕೊಂಡು ಹತ್ತಿ. ಕೇಳಿದ್ದು ಯಾಕೆ ಎಂದು ಅವಳಿಗೆ ತಾವೇ ಹೇಳಿ ಬನ್ನಿ.

ಇಂತಿ,
ಈ ಪತ್ರಕ್ಕೆ ಬರಲಿರುವ ಕಾರಣ ಕೇಳುವ ನೋಟಿಸಿಗೆ ಈಗಾಗಲೇ ಉತ್ತರ ಬರೆಯಲು ಕೂತಿರುವ,
ಅಂಬುಜಾ
ಮುಖ್ಯಸ್ಥೆ, ಭೂಗೋಳ ವಿಭಾಗ
(ಪತ್ರ ಅಚ್ಚಾಗುವ ದಿನದವರೆಗಾದರೂ)